ಏಪ್ರಿಲ್ ಕೊನೆಯ ಗ್ಲೇಸಿಯರ್, ಹತ್ತೂ ಮುಕ್ಕಾಲಿನ ಹಿಮ

ಏಪ್ರಿಲ್ ಕೊನೇ ವಾರ ಸ್ಕೀಯಿಂಗ್‌ಗೆ ಹೋಗ್ತಿದೀನಿ ಅಂದ್ರೆ ಆಫೀಸಲ್ಲಿ ಅರ್ಧ ಜನ ನಂಬ್ಲೇ ಇಲ್ಲ, ಯಾಕಂದ್ರೆ ಫ್ರಾಂಕ್‌ಫರ್ಟ್‌ನಲ್ಲಿ ಅಷ್ಟೊತ್ತಿಗೆ ಮರಗಳೆಲ್ಲ ಚಿಗುರಿ ಜನ ಟೀ ಶರ್ಟ್‌ನಲ್ಲಿ ಓಡಾಡೋಕೆ ಶುರು ಮಾಡಿದ್ರು. ಆದ್ರೆ ಆಲ್ಪ್ಸ್‌ನಲ್ಲಿ ಮೂರು ಸಾವಿರ ಮೀಟರ್ ಹತ್ತಿರ ಇರೋ ಹಿಮನದಿಗಳ ಮೇಲೆ ಆಗ್ಲೂ ದಪ್ಪ ಹಿಮ ಇರುತ್ತೆ, ಆಸ್ಟ್ರಿಯಾದ ಟಿರೋಲ್‌ನಲ್ಲಿರೋ ಸ್ಟುಬಾಯ್ ಗ್ಲೇಸಿಯರ್‌ನಲ್ಲಂತೂ ಸೀಸನ್ ಸಾಮಾನ್ಯವಾಗಿ ಅಕ್ಟೋಬರ್‌ಗೆ ಶುರುವಾದ್ರೆ ಜೂನ್ ಮೊದಲ ದಿನಗಳವರೆಗೂ ಎಳೆಯುತ್ತೆ. ಇದನ್ನ ನನಗೆ ಹೇಳಿದ್ದು ನನ್ನ ಜೊತೆ ಕೆಲಸ ಮಾಡೋ ಕನ್ನಡದ ಗೆಳೆಯ. ಇಬ್ಬರೂ ಎರಡು ಚಳಿಗಾಲ ಕಲಿತಿದ್ವಿ, ನೀಲಿ ಪಿಸ್ಟ್ ಆರಾಮಾಗಿ ಇಳೀತಿದ್ವಿ, ಕೆಂಪು ಪಿಸ್ಟ್ ಸ್ವಲ್ಪ ಬಿಗಿ ಹಿಡ್ಕೊಂಡು. ಪಿಸ್ಟ್ ಅಂದ್ರೆ ಸ್ಕೀ ಮಾಡೋಕೆ ಅಂತ ಹದಮಾಡಿಟ್ಟ ಇಳಿಜಾರು, ಅಲ್ಲಿ ನೀಲಿ ಅಂದ್ರೆ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ.

"ಕಾರ್ ಬೇಡ ಕಣೋ, ಗ್ರೂಪ್ ಕೋಚಲ್ಲಿ ಹೋಗಿಬಿಡೋಣ, ರಾತ್ರಿ ಹತ್ತಿದ್ರೆ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಇರ್ತೀವಿ" ಅಂದ ಅವನು. ಅವತ್ತು ಹೂಂ ಅಂದಿದ್ದು ಒಳ್ಳೇದೇ ಆಯ್ತು ಅಂತ ಈಗ್ಲೂ ಅನ್ಸುತ್ತೆ.

ಬುಕಿಂಗ್ ವಿಷಯ ಬೇಗ ಹೇಳ್ಬಿಡ್ತೀನಿ. ಬಸ್ಸು, ಮೂರು ರಾತ್ರಿ ಹೋಟೆಲ್, ಬೆಳಗಿನ ತಿಂಡಿ ರಾತ್ರಿ ಊಟ, ನಾಲ್ಕು ದಿನದ ಲಿಫ್ಟ್ ಪಾಸ್, ಎಲ್ಲಾ ಸೇರಿ ಒಂದೇ ಪ್ಯಾಕೇಜ್. ಶುರುನಲ್ಲಿ 20 ಪರ್ಸೆಂಟ್ ಕಟ್ಟಿದ್ವಿ, ಅದಕ್ಕೆ ಮುಂಚೆ ಅವರು ಒಂದು ಗ್ಯಾರಂಟಿ ಪತ್ರ ಕಳ್ಸಿದ್ರು, ಟ್ರಾವೆಲ್ ಕಂಪನಿ ದಿವಾಳಿ ಆದ್ರೂ ನಮ್ಮ ದುಡ್ಡು ವಾಪಸ್ ಬರುತ್ತೆ ಅನ್ನೋ ಪತ್ರ ಅದು, ಜರ್ಮನಿಯಲ್ಲಿ ಈ ಥರ ಪ್ಯಾಕೇಜ್‌ಗೆ ಅದಿಲ್ಲದೆ ದುಡ್ಡು ತಗೊಳ್ಳೋ ಹಾಗೇ ಇಲ್ಲ, ಹಾಗಾಗಿ ಯಾರೇ ಬುಕ್ ಮಾಡಿ ಆ ಪತ್ರ ಕೈಗೆ ಬಂದಿದ್ಯಾ ನೋಡ್ಕೊಳ್ಳಿ. ಇನ್ನೊಂದು ಅಂದ್ರೆ ಕನಿಷ್ಠ ಇಷ್ಟು ಜನ ಸೇರಬೇಕು ಅಂತ ಒಂದು ಷರತ್ತು ಇರುತ್ತೆ, ಎರಡರಿಂದ ಆರು ದಿನದ ಟ್ರಿಪ್ ಆದ್ರೆ ಜನ ಸಾಲದೆ ಇದ್ದಾಗ ಹೊರಡೋಕೆ 7 ದಿನ ಇರೋವರೆಗೂ ಅವರು ಕ್ಯಾನ್ಸಲ್ ಮಾಡಬಹುದು. ನಾವು ರಜಾ ಹಾಕಿ ಆ ಏಳನೇ ದಿನ ದಾಟೋವರೆಗೂ ದಿನಾ ಮೇಲ್ ನೋಡ್ತಾ ಕೂತಿದ್ವಿ. ಇನ್ಶೂರೆನ್ಸ್ ಮಾತ್ರ ನಾನು ಬಿಡಲಿಲ್ಲ. ಜರ್ಮನಿಯ ಸರ್ಕಾರಿ ಹೆಲ್ತ್ ಇನ್ಶೂರೆನ್ಸ್ ಆಸ್ಟ್ರಿಯಾದಲ್ಲಿ ಡಾಕ್ಟರ ಖರ್ಚು ನೋಡ್ಕೊಳ್ಳುತ್ತೆ, ಆದ್ರೆ ಬೆಟ್ಟದ ಮೇಲಿಂದ ಹೊತ್ತು ತರೋ ಖರ್ಚು, ಹೆಲಿಕಾಪ್ಟರ್ ಖರ್ಚು ಅದರಲ್ಲಿ ಬರೋದಿಲ್ಲ, ಹೆಲಿಕಾಪ್ಟರ್ ಬಂದ್ರೆ ಬಿಲ್ ಸಾವಿರಾರು ಯೂರೋ. ಗೆಳೆಯ "ಬೇಕಾ ಇದು" ಅಂದ, ನಾನು ಇಬ್ಬರಿಗೂ ಸೇರಿಸಿ ಮಾಡಿಸಿದೆ.

ಬುಧವಾರ ರಾತ್ರಿ ಒಂಬತ್ತೂವರೆಗೆ ಕೋಚ್ ಹೊರಡ್ತು. ಟ್ರಿಪ್ ಲೀಡರ್ ಸುಮಾರು ಐವತ್ತು ವರ್ಷದ ಹೆಂಗಸು, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದಾರಂತೆ, ಅವರು ಬಾಗಿಲಲ್ಲೇ ನಿಂತು ಒಬ್ಬೊಬ್ಬರಿಗೂ ಹೇಳ್ತಿದ್ದಿದ್ದು ಒಂದೇ ಮಾತು, ಸ್ಕೀ ಡಿಕ್ಕಿಯಲ್ಲಿ ಹಾಕಿ, ಬೂಟು ಒಳಗೆ ತಗೊಂಡು ಬನ್ನಿ. ಯಾಕೆ ಅಂತ ಆಗ ಗೊತ್ತಾಗ್ಲಿಲ್ಲ. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್, ರಾತ್ರಿಯೆಲ್ಲ ಥಂಡಿಯಲ್ಲಿ ಇದ್ರೆ ಬೆಳಿಗ್ಗೆ ಅದು ಕಲ್ಲಿನ ಥರ ಆಗಿರುತ್ತೆ, ಕಾಲು ತೂರಿಸೋಕೇ ಆಗಲ್ಲ. ಈಗ ನಾನು ಎಲ್ಲಿ ಹೋದ್ರೂ ಬೂಟನ್ನ ಬೆಚ್ಚಗಿರೋ ಕಡೆಯೇ ಇಡೋದು.

ಜರ್ಮನ್ ಹೈವೇಲಿ ಕಾರುಗಳು ಎಷ್ಟು ಬೇಕಾದ್ರೂ ಓಡ್ಲಿ, ಕೋಚ್‌ಗೆ 100 ಕಿಲೋಮೀಟರ್ ಮಿತಿ. ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ತಗೊಳ್ಳಲೇಬೇಕು, ಅದು ಯೂರೋಪಿನ ಕಾನೂನು, ಗಾಡಿಯಲ್ಲಿರೋ ಯಂತ್ರ ಪ್ರತಿ ನಿಮಿಷ ಬರ್ಕೊಳ್ತಾ ಇರುತ್ತೆ. ನಮಗೆ ಇಬ್ಬರು ಡ್ರೈವರ್ ಇದ್ರು. ನ್ಯೂರೆಂಬರ್ಗ್ ದಾಟಿ, ಮ್ಯೂನಿಕ್ ದಾಟಿ, ಕುಫ್‌ಸ್ಟೈನ್ ಹತ್ರ ಆಸ್ಟ್ರಿಯಾ ಒಳಗೆ ಹೋದಾಗ ಯಾರೂ ನಿಲ್ಲಿಸ್ಲಿಲ್ಲ, ಆದ್ರೆ ವಾಪಸ್ ಬರುವಾಗ ಜರ್ಮನ್ ಪೊಲೀಸರು ಬಸ್ ಹತ್ತಿ ನೋಡ್ತಾರೆ, ಪಾಸ್‌ಪೋರ್ಟು ರೆಸಿಡೆನ್ಸ್ ಕಾರ್ಡು ಎರಡೂ ಜೇಬಲ್ಲಿ ಇರ್ಲಿ ಅಂತ ಲೀಡರ್ ನಮ್ಮಿಬ್ಬರಿಗೂ ಬೇರೆಯಾಗಿ ಬಂದು ಹೇಳಿದ್ರು. ಆ ಒಂದು ಮಾತಿಗೆ ಅವರ ಮೇಲೆ ನನಗೆ ಗೌರವ ಬಂತು.

ನಿದ್ದೆ ಸರಿಯಾಗಿ ಬರ್ಲಿಲ್ಲ. ಬೆಳಕು ಹರಿಯೋ ಹೊತ್ತಿಗೆ ಇನ್ಸ್‌ಬ್ರುಕ್ ದಾಟಿ ಬ್ರೆನ್ನರ್ ರಸ್ತೆ ಹಿಡಿದ್ವಿ, ಅಲ್ಲಿ ಯೂರೋಪಾ ಸೇತುವೆ ಬರುತ್ತೆ, 1963ರಲ್ಲಿ ಕಟ್ಟಿ ಮುಗಿಸಿದ್ದು, ಕಣಿವೆಯಿಂದ 190 ಮೀಟರ್ ಎತ್ತರ, ಕಿಟಕಿಯಿಂದ ಕೆಳಗೆ ನೋಡಿದ್ರೆ ನದಿ ದಾರದ ಥರ. ಅದು ದಾಟಿದ್ದೇ ಬಲಕ್ಕೆ ತಿರುಗಿ ಸ್ಟುಬಾಯ್ ಕಣಿವೆ. ಕೆಳಗೆಲ್ಲ ಹಸಿರು ಹುಲ್ಲು, ಸೇಬಿನ ಮರದಲ್ಲಿ ಹೂವು, ಕಣಿವೆಯ ಕೊನೆಯಲ್ಲಿ ಬೆಳ್ಳಗೆ ಬೆಟ್ಟ. ಬಸ್ಸಲ್ಲಿ 46 ಜನ, ಎಲ್ಲರೂ ಒಟ್ಟಿಗೆ ಎದ್ದು ಒಂದೇ ಕಡೆ ನೋಡ್ತಾ ಇದ್ದಿದ್ದು ಇನ್ನೂ ಕಣ್ಣಲ್ಲಿದೆ.

ಮೊದಲ ದಿನ ನಾವು ಮಾಡಿದ ತಪ್ಪು ಹೇಳ್ತೀನಿ, ಯಾಕಂದ್ರೆ ರಾತ್ರಿ ಬಸ್ಸಲ್ಲಿ ಬಂದವರು ಸುಮಾರು ಜನ ಇದೇ ಮಾಡ್ತಾರೆ. ರಾತ್ರಿ ಓಡಿಸಿದ ಡ್ರೈವರ್‌ಗಳು ಮಲಗಬೇಕು, ಅದೂ ಕಾನೂನೇ, ಹಾಗಾಗಿ ನಾವು ಹೋಟೆಲಲ್ಲಿ ಬ್ಯಾಗ್ ಇಟ್ಟು ತಿಂಡಿ ತಿಂದು ಕಣಿವೆಯ ಸ್ಕೀ ಬಸ್ ಹಿಡಿದು ಮುಟ್ಟರ್‌ಬರ್ಗ್ ಅನ್ನೋ ಕೊನೇ ಸ್ಟಾಪಿಗೆ ಹೋದ್ವಿ. ಹೋಟೆಲ್ ಇದ್ದ ಹಳ್ಳಿ ಸುಮಾರು 1000 ಮೀಟರ್, ಮುಟ್ಟರ್‌ಬರ್ಗ್‌ನಿಂದ ಗೊಂಡೋಲಾ, ಅಂದ್ರೆ ಕೇಬಲ್ ಕಾರು, ಹತ್ತಿದ್ರೆ ಐಸ್‌ಗ್ರಾಟ್ ಸ್ಟೇಷನ್ 2900 ಮೀಟರ್. ಈ ಗೊಂಡೋಲಾ 2016ರಲ್ಲಿ ಬಂದಿದ್ದು, ಎರಡು ದಪ್ಪ ಕೇಬಲ್ ಮೇಲೆ ಕ್ಯಾಬಿನ್ ಉರುಳುತ್ತೆ, ಮೂರನೇದು ಎಳೆಯುತ್ತೆ, ಗಾಳಿಗೆ ಅಷ್ಟಾಗಿ ಅಲ್ಲಾಡಲ್ಲ. ಅಂದ್ರೆ ನಿದ್ದೆಗೆಟ್ಟ ಮೈ ಒಂದೂವರೆ ಗಂಟೆ ಒಳಗೆ ಸುಮಾರು 1900 ಮೀಟರ್ ಮೇಲೇರಿತ್ತು. ಮೂರು ಸಾವಿರ ಮೀಟರ್‌ನಲ್ಲಿ ಉಸಿರಿಗೆ ಸಿಗೋ ಆಕ್ಸಿಜನ್ ಸಮುದ್ರ ಮಟ್ಟದಲ್ಲಿ ಸಿಗೋದರ ಸುಮಾರು 70 ಪರ್ಸೆಂಟ್ ಅಷ್ಟೇ. ಹತ್ತು ನಿಮಿಷಕ್ಕೆ ತಲೆ ಹಿಡ್ಕೊಂಡ್ತು, ಬೂಟಿನ ಬಕಲ್ ಹಾಕೋಕೆ ಬಗ್ಗಿದ್ರೂ ಏದುಸಿರು.

ಮೇಲೆ ಹಿಮ ಅಂದ್ರೆ ಹಿಮ ಅಲ್ಲ, ಗಾಜು. ಒಂಬತ್ತು ಗಂಟೆಗೆ ಪಿಸ್ಟ್ ಪೂರ್ತಿ ಗಡಸು ಐಸು, ಸ್ಕೀ ಅಂಚು ಕಚ್ಚೋದೇ ಇಲ್ಲ, ಕರ್ರ್ ಅಂತ ಸದ್ದು ಮಾಡ್ಕೊಂಡು ಪಕ್ಕಕ್ಕೆ ಜಾರುತ್ತೆ. ಮೊದಲ ತಿರುವಲ್ಲೇ ಸೊಂಟದ ಮೇಲೆ ಬಿದ್ದೆ. ಡಿಸೆಂಬರ್ ಜನವರಿಯ ಮೆತ್ತನೆ ಪುಡಿ ಹಿಮದಲ್ಲಿ ಕಲಿತವನಿಗೆ ಇದು ಪೂರ್ತಿ ಬೇರೆ ಆಟ. ಹನ್ನೊಂದರ ಮೇಲೆ ಹಿಮ ಚೆನ್ನಾಗಾಯ್ತು, ಆದ್ರೆ ಅಷ್ಟೊತ್ತಿಗೆ ನನ್ನ ಕಾಲಲ್ಲಿ ಶಕ್ತಿ ಇರ್ಲಿಲ್ಲ, ತಲೆನೋವಿಗೆ ಕೂತು ನೀರು ಕುಡೀತಿದ್ದೆ. ಮತ್ತೆ ಎದ್ದು ಒಂದೂವರೆಗೆ ಹೋದಾಗ ಅದೇ ಪಿಸ್ಟ್ ಗಂಜಿ ಆಗಿತ್ತು. ಒಂದೇ ಜಾಗ, ನಾಲ್ಕೂವರೆ ಗಂಟೆಯಲ್ಲಿ ಮೂರು ಥರ.

ಸಂಜೆ ನಮ್ಮ ಲೆವೆಲ್ ಗುಂಪಿನ ಟೀಚರು, ಅರವತ್ತು ದಾಟಿರೋ ಒಬ್ಬ ಅಜ್ಜ, ಎಲ್ಲರನ್ನೂ ಕೂರಿಸ್ಕೊಂಡು ಇದನ್ನ ವಿವರಿಸಿದ್ರು, ನಾನು ಈ ಟ್ರಿಪ್‌ನಲ್ಲಿ ಕಲಿತಿದ್ದರಲ್ಲಿ ಇದೇ ದೊಡ್ಡದು. ವಸಂತದಲ್ಲಿ ಹಗಲು ಬಿಸಿಲಿಗೆ ಹಿಮದ ಮೇಲ್ಪದರ ಕರಗುತ್ತೆ, ರಾತ್ರಿ ಆಕಾಶ ತಿಳಿಯಾಗಿದ್ರೆ ಹಿಮದ ಶಾಖ ಎಲ್ಲಾ ಮೇಲಕ್ಕೆ ಹೋಗಿ ಆ ನೀರು ಮತ್ತೆ ಹೆಪ್ಪುಗಟ್ಟುತ್ತೆ. ಹೀಗೆ ಕರಗಿ ಕಟ್ಟಿ ಕರಗಿ ಕಟ್ಟಿ ಹಿಮದ ಹರಳುಗಳು ದಪ್ಪ ಗುಂಡು ಕಾಳಾಗ್ತವೆ. ಬೆಳಿಗ್ಗೆ ಆ ಕಾಳುಗಳೆಲ್ಲ ಒಂದಕ್ಕೊಂದು ಅಂಟಿ ಕಲ್ಲಾಗಿರುತ್ತೆ, ಬಿಸಿಲು ಬಿದ್ದು ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಬಿಡಿಬಿಡಿ ಆಗಿ ಕೆಳಗೆ ಗಟ್ಟಿ ಇರೋ ಹೊತ್ತು ಒಂದು ಬರುತ್ತೆ, ಅದನ್ನ ಅಲ್ಲಿಯವರು ಫಿರ್ನ್ ಅಂತಾರೆ. ಸ್ಕೀಗೆ ಅದಕ್ಕಿಂತ ಒಳ್ಳೇ ನೆಲ ಇಲ್ಲ, ತಿರುಗು ಅಂದ್ರೆ ತಿರುಗುತ್ತೆ, ನಿಲ್ಲು ಅಂದ್ರೆ ನಿಲ್ಲುತ್ತೆ. ಆಮೇಲೆ ಬಿಸಿಲು ಆಳಕ್ಕಿಳಿದ್ರೆ ನೀರು ತುಂಬಿದ ಗಂಜಿ, ಅದಕ್ಕೆ ಜುಲ್ಟ್ಸ್ ಅಂತಾರೆ, ಅಲ್ಲಿ ಸ್ಕೀ ತಕ್ಷಣ ಹಿಡ್ಕೊಳ್ಳುತ್ತೆ, ಮೈ ಮಾತ್ರ ಮುಂದಕ್ಕೆ ಹೋಗುತ್ತೆ, ಮಂಡಿ ಮಧ್ಯದಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ.

ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಮೆತ್ತಗಾಗುತ್ತೆ, ಆಮೇಲೆ ದಕ್ಷಿಣ, ಕೊನೆಗೆ ಪಶ್ಚಿಮ, ಉತ್ತರದ್ದು ಎಲ್ಲಕ್ಕಿಂತ ನಿಧಾನ. ಹಾಗಾಗಿ ಮ್ಯಾಪ್ ಇಟ್ಕೊಂಡು ಸೂರ್ಯನ ಹಿಂದೆಯೇ ಹೋಗಬೇಕು. ಟೀಚರು ಒಂದು ಪರೀಕ್ಷೆ ಹೇಳಿಕೊಟ್ರು: ಕೋಲಿನ ತುದಿ ಹಿಮಕ್ಕೆ ಒತ್ತಿ, ಟಣ್ ಅಂದ್ರೆ ಕಾಯಿರಿ, ಒಂದೆರಡು ಸೆಂಟಿಮೀಟರ್ ಇಳಿದು ನಿಂತ್ರೆ ಹೊರಡಿ, ಬೂಟೇ ಪಾದ ಮುಚ್ಚೋಷ್ಟು ಹಿಮದೊಳಗೆ ಇಳಿದ್ರೆ ಸ್ಕೀ ಬಿಚ್ಚಿ ಗೊಂಡೋಲಾದಲ್ಲಿ ಕೆಳಗೆ ಬನ್ನಿ. "ಇಲ್ಲಿ ಟೈಮ್‌ಟೇಬಲ್ ಹಾಕೋದು ಹಿಮ, ನಾನಲ್ಲ" ಅಂದ್ರು. ಅದನ್ನ ನಾನು ಆವತ್ತು ಬರ್ಕೊಂಡೆ, ಗೆಳೆಯ ಬರ್ಕೊಳ್ಳಲಿಲ್ಲ.

ಬಿಸಿಲಿನ ಬಗ್ಗೆಯೂ ಹೇಳಲೇಬೇಕು. ಸಾವಿರ ಮೀಟರ್ ಮೇಲೇರಿದ ಹಾಗೆಲ್ಲ ನೇರಳಾತೀತ ಕಿರಣ ಸುಮಾರು 10 ಪರ್ಸೆಂಟ್ ಜಾಸ್ತಿ ಆಗುತ್ತೆ, ಅದರ ಮೇಲೆ ಹೊಸ ಹಿಮ ಅದರಲ್ಲಿ 80 ಪರ್ಸೆಂಟ್‌ವರೆಗೂ ವಾಪಸ್ ಎಸೆಯುತ್ತೆ, ಅಂದ್ರೆ ಬಿಸಿಲು ಕೆಳಗಿಂದಲೂ ಬೀಳುತ್ತೆ. ನಮ್ಮದು ಕಪ್ಪು ಚರ್ಮ ಏನಾಗಲ್ಲ ಅಂತ ಅಂದ್ಕೊಳ್ಳೋ ನಮ್ಮವರು ತುಂಬಾ ಜನ ಇದಾರೆ, ದಯವಿಟ್ಟು ಹಾಗೆ ಅಂದ್ಕೋಬೇಡಿ. ನಾನು ಹಣೆ ಕೆನ್ನೆಗೆಲ್ಲ ಸನ್‌ಸ್ಕ್ರೀನ್ ಹಚ್ಚಿದ್ದೆ, ಮೂಗಿನ ಹೊಳ್ಳೆ ಕೆಳಗೆ ಮತ್ತೆ ಗಲ್ಲದ ಅಡಿಗೆ ಹಚ್ಚಿರ್ಲಿಲ್ಲ, ಸರಿಯಾಗಿ ಅಲ್ಲೇ ಸುಟ್ಟು ಎರಡು ದಿನ ಉರಿ. ಕಣ್ಣಿಗಂತೂ ಒಳ್ಳೇ ಕಪ್ಪು ಗ್ಲಾಸು ಬೇಕೇ ಬೇಕು. ನಮ್ಮ ಬಸ್ಸಿನ ಒಬ್ಬ ಹುಡುಗಿ ಮೋಡ ಇದೆ ಅಂತ ಗಾಗಲ್ಸ್ ತೆಗೆದು ಓಡಾಡಿ ರಾತ್ರಿ ಕಣ್ಣಿಗೆ ಮರಳು ತುಂಬಿದ ಹಾಗೆ ಆಗಿ ಕತ್ತಲೆ ರೂಮಲ್ಲಿ ಕೂತಿದ್ದಳು, ಮಾರನೇ ದಿನ ಅವಳು ಸ್ಕೀ ಮಾಡ್ಲೇ ಇಲ್ಲ.

ಎರಡನೇ ದಿನ ಎಲ್ಲಾ ಸರಿಹೋಯ್ತು. ಚೆನ್ನಾಗಿ ನಿದ್ದೆ ಆಗಿತ್ತು, ಬೆಳಿಗ್ಗೆ 2620 ಮೀಟರ್‌ನ ಗಾಮ್ಸ್‌ಗಾರ್ಟನ್‌ನಲ್ಲೇ ಇದ್ದು ಮೈ ಬಿಸಿ ಮಾಡ್ಕೊಂಡು ಹತ್ತಕ್ಕೆ ಮೇಲೆ ಹೋದ್ವಿ. ಅಲ್ಲಿ ಟಿ-ಬಾರ್ ಅಂತ ಒಂದು ಥರ ಲಿಫ್ಟ್, ಅಡ್ಡ ಕೋಲು ಸೊಂಟದ ಕೆಳಗೆ ಸಿಕ್ಕಿಸ್ಕೊಂಡು ನಿಂತಿದ್ರೆ ಎಳ್ಕೊಂಡು ಹೋಗುತ್ತೆ, ಕೂತ್ಕೊಳ್ಳೋಕೆ ಹೋದ್ರೆ ಬೀಳ್ತೀವಿ. ಇಷ್ಟು ದೊಡ್ಡ ಜಾಗದಲ್ಲಿ ಇನ್ನೂ ಈ ಹಳೇ ಲಿಫ್ಟ್ ಯಾಕೆ ಅಂತ ಕೇಳಿದೆ. ಕೆಳಗಿರೋ ಐಸು ನಿಂತಿಲ್ಲವಲ್ಲ, ಟೀಚರು ಹೇಳಿದ್ರು, ಹಿಮನದಿ ವರ್ಷಪೂರ್ತಿ ನಿಧಾನವಾಗಿ ಜಾರ್ತಾನೇ ಇರುತ್ತೆ, ಅದರ ಮೇಲೆ ನೆಟ್ಟ ಕಂಬಗಳನ್ನ ಆಗಾಗ ಸರಿಸಿ ನೆಡಬೇಕಾಗುತ್ತೆ, ಹಗುರವಾದ ಲಿಫ್ಟ್ ಆದ್ರೆ ಅದು ಸುಲಭ. ನಾನು ನಿಂತಿದ್ದ ನೆಲವೇ ಚಲಿಸ್ತಾ ಇದೆ ಅನ್ನೋದು ಕೇಳಿ ಮೈ ಜುಂ ಅಂತು. ಹಾಗೆ ಜಾರುವಾಗ ಐಸು ಸೀಳಿ ಆಳವಾದ ಬಿರುಕು ಬೀಳುತ್ತೆ, ಅದರ ಬಾಯಿ ಮೇಲೆ ಹಿಮ ಸೇತುವೆ ಕಟ್ಟಿ ಮುಚ್ಚಿರುತ್ತೆ, ಮಧ್ಯಾಹ್ನದ ಬಿಸಿಲಿಗೆ ಆ ಸೇತುವೆ ಮೆತ್ತಗಾಗುತ್ತೆ. ಅದಕ್ಕೇ ಗ್ಲೇಸಿಯರ್ ಮೇಲೆ ಪಿಸ್ಟ್ ಬಿಟ್ಟು ಫೋಟೋ ತೆಗೆಯೋಕೆ ಅಂತ ಹತ್ತು ಹೆಜ್ಜೆಯೂ ಆಚೆ ಹೋಗೋ ಹಾಗಿಲ್ಲ.

ಸ್ಟೇಷನ್ ಪಕ್ಕ ಬಿಳಿ ಬಟ್ಟೆಯ ದೊಡ್ಡ ದೊಡ್ಡ ಸುರುಳಿ ಒಟ್ಟಿದ್ರು. ಬೇಸಿಗೆಯಲ್ಲಿ ಕರಗದ ಹಾಗೆ ಗ್ಲೇಸಿಯರ್‌ನ ಕೆಲವು ಭಾಗಕ್ಕೆ ಹೊದಿಸೋಕಂತೆ. ಅದು ಹೊದಿಸಿದ ಜಾಗ ಉಳಿಯುತ್ತೆ, ಇಡೀ ಹಿಮನದಿಗೆ ಹೊದಿಸೋಕೆ ಆಗಲ್ಲ. ಟೀಚರು ಬಂಡೆ ಕಡೆ ಕೈ ತೋರಿಸಿ ಅವರು ಸಣ್ಣವರಿದ್ದಾಗ ಐಸು ಎಲ್ಲಿವರೆಗೂ ಇತ್ತು ಅಂತ ಹೇಳಿದ್ರು, ಈಗ ಅಲ್ಲಿ ಬರೀ ಬೂದು ಕಲ್ಲು. ಅಷ್ಟು ಹೊತ್ತೂ ಮಾತಾಡ್ತಿದ್ದವರು ಆಮೇಲೆ ಸ್ವಲ್ಪ ದೂರ ಸುಮ್ಮನೆ ಇಳಿದ್ರು. ಅವತ್ತು ಮಧ್ಯಾಹ್ನ ಹನ್ನೆರಡೂವರೆಗೆ ಸ್ಕೀ ಬಿಚ್ಚಿ 3210 ಮೀಟರ್‌ನಲ್ಲಿರೋ ವ್ಯೂ ಪಾಯಿಂಟ್‌ಗೆ ಹತ್ತಿದ್ವಿ, ಎದುರಿಗೇ ಸ್ಟುಬಾಯ್ ಸಾಲಿನ ಅತಿ ಎತ್ತರದ ಶಿಖರ ಟ್ಸುಕರ್‌ಹ್ಯುಟ್ಲ್, 3507 ಮೀಟರ್, ದಕ್ಷಿಣಕ್ಕೆ ದೂರದಲ್ಲಿ ಇಟಲಿಯ ಡೊಲೊಮೈಟ್ಸ್ ಬೆಟ್ಟಗಳು.

ಆ ರಾತ್ರಿ ಮೋಡ ಮುಚ್ಕೊಂಡ್ತು. ಟಿರೋಲ್, ಅದರ ಪಕ್ಕ ಇಟಲಿಯಲ್ಲಿರೋ ದಕ್ಷಿಣ ಟಿರೋಲ್, ಟ್ರೆಂಟಿನೋ ಮೂರೂ ಸೇರಿ ದಿನಾ ಸಂಜೆ ಐದಕ್ಕೆ ಹಿಮಕುಸಿತದ ಅಪಾಯದ ವರದಿ ಕೊಡ್ತಾರೆ, ಲೀಡರ್ ಅದನ್ನ ಊಟದ ಹೊತ್ತಿಗೆ ಓದಿ ಹೇಳೋರು. ನಾಳೆ ಬೇಗ ಮೆತ್ತಗಾಗುತ್ತೆ, ಹನ್ನೊಂದೂವರೆಗೆ ಎಲ್ಲರೂ ನಿಲ್ಲಿಸಿ ಅಂದ್ರು. ಮೋಡ ಇದ್ರೆ ರಾತ್ರಿ ಶಾಖ ಹೊರಗೆ ಹೋಗಲ್ಲ, ಹಿಮ ಸರಿಯಾಗಿ ಕಟ್ಟೋದಿಲ್ಲ, ಲೆಕ್ಕ ಅಷ್ಟೇ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೇ ಕೋಲು ಇಳೀತಿತ್ತು. ಹನ್ನೊಂದೂವರೆಗೆ ಗುಂಪು ನಿಲ್ಲಿಸ್ತು. ಗೆಳೆಯ "ಇನ್ನೊಂದೇ ಒಂದು ರೌಂಡ್ ಮಗಾ, ನಾಳೆ ಅರ್ಧ ದಿನ ಅಷ್ಟೇ ಇರೋದು" ಅಂದ. ನಾನು ಬೇಡ ಅನ್ನಬೇಕಿತ್ತು. ಬರ್ಕೊಂಡಿದ್ದವನು ನಾನು, ಗೊತ್ತಿದ್ದವನು ನಾನು, ಆದ್ರೂ ಅವನ ಜೊತೆ ಲಿಫ್ಟ್ ಹತ್ತಿದೆ. ಆ ಇಳಿಜಾರಲ್ಲಿ ಅರ್ಧ ಭಾಗ ಬಂಡೆಯ ನೆರಳು, ಅಲ್ಲಿ ಇನ್ನೂ ಗಟ್ಟಿ, ಸ್ಪೀಡ್ ಬಂತು, ನೆರಳು ಮುಗಿದು ಬಿಸಿಲಿನ ಗಂಜಿಗೆ ಹೋಗ್ತಿದ್ದ ಹಾಗೆ ಅವನ ಎಡಗಡೆ ಸ್ಕೀ ಯಾರೋ ಹಿಡಿದು ನಿಲ್ಲಿಸಿದ ಹಾಗೆ ನಿಂತ್ಬಿಡ್ತು, ಮೈ ತಿರುಗಿ ಬಿದ್ದ. ಬೂಟನ್ನ ಸ್ಕೀಗೆ ಹಿಡಿದಿಡೋ ಬೈಂಡಿಂಗ್ ಬಿಚ್ಚಿಕೊಳ್ಳಲಿಲ್ಲ, ಬಿದ್ದಿದ್ದು ನಿಧಾನವಾಗಿ, ಆ ಥರ ನಿಧಾನದ ತಿರುಚಲಲ್ಲಿ ಅದು ಒಂದೊಂದು ಸಲ ಬಿಚ್ಚಲ್ಲ. ನಾನು ಮೇಲಿನ ಕಡೆ ಎರಡು ಸ್ಕೀ ಅಡ್ಡಡ್ಡ ಶಿಲುಬೆ ಥರ ನೆಟ್ಟೆ, ಇಳಿದು ಬರೋರಿಗೆ ಗೊತ್ತಾಗ್ಲಿ ಅಂತ, ಎಲ್ಲಿದೀವಿ ಅಂತ ಹೇಳೋಕೆ ಪಕ್ಕದ ಕಂಬದ ಮೇಲಿದ್ದ ಪಿಸ್ಟ್ ನಂಬರ್ ಓದ್ಕೊಂಡು ಫೋನ್ ಮಾಡಿದೆ. ಆಸ್ಟ್ರಿಯಾದಲ್ಲಿ ಬೆಟ್ಟದ ರಕ್ಷಣೆಗೆ 140, ಇಲ್ಲಾಂದ್ರೆ ಯೂರೋಪಲ್ಲಿ ಎಲ್ಲಾ ಕಡೆ 112. ಪಿಸ್ಟ್ ರಕ್ಷಣೆಯವರು ಬಂದು ಅವನನ್ನ ಹಿಮದ ದೋಣಿ ಥರ ಇರೋ ಗಾಡಿಯಲ್ಲಿ ಮಲಗಿಸಿ ಬೆಲ್ಟ್ ಕಟ್ಟಿ ಗೊಂಡೋಲಾವರೆಗೂ ಇಳಿಸಿದ್ರು. ಅವನು ಒಂದೇ ಮಾತು ಹೇಳ್ತಿದ್ದ, "ಮನೇಲಿ ಹೇಳ್ಬೇಡ ಕಣೋ". ನನಗೆ ಕೈ ನಡುಗ್ತಾ ಇತ್ತು.

ಕ್ಲಿನಿಕ್‌ನಲ್ಲಿ ಎಕ್ಸ್‌ರೇ ಮಾಡಿ ಮೂಳೆಗೆ ಏನೂ ಆಗಿಲ್ಲ, ಮಂಡಿಯ ಒಳಬದಿ ಲಿಗಮೆಂಟ್ ಎಳೆದಿದೆ ಅಂದ್ರು, ಪಟ್ಟಿ ಹಾಕಿ ಎರಡು ಊರುಗೋಲು ಕೊಟ್ರು. ಗ್ರೂಪ್‌ನಲ್ಲಿ ಬಂದಿದ್ದರ ಬೆಲೆ ಆವತ್ತು ಗೊತ್ತಾಯ್ತು. ಕೋಚು ಮೂರೂವರೆಗೆ ಹೊರಡಲೇಬೇಕು, ಡ್ರೈವರ್ ಮಾರನೇ ದಿನ ದೂರ ಓಡಿಸ್ಬೇಕು, ಅಷ್ಟರೊಳಗೆ ಅವರಿಗೆ ರೆಸ್ಟ್ ಸಿಗ್ಬೇಕು, ಅದನ್ನ ತಡ ಮಾಡೋ ಹಾಗಿಲ್ಲ. ಲೀಡರ್ ಎಲ್ಲರನ್ನೂ ಬಸ್ಸಿನಲ್ಲಿ ಕಳಿಸಿ ತಾವು ಮಾತ್ರ ಕ್ಲಿನಿಕ್‌ಗೆ ಬಂದು ಇನ್ಶೂರೆನ್ಸ್ ಫಾರಂನ ಜರ್ಮನ್‌ನಲ್ಲಿ ತುಂಬಿಸಿ, ಸಂಜೆ ಏಳರವರೆಗೂ ನಮ್ಮ ಪಕ್ಕ ಕೂತಿದ್ರು. ಬೈಯಲಿಲ್ಲ. ಹೋಟೆಲಿಗೆ ಬಂದಾಗ ಕೆಳಗಿನ ಮಹಡಿಯಲ್ಲಿದ್ದ ಒಂದು ಜೋಡಿ, ನಾವು ಅವರ ಜೊತೆ ಮಾತೂ ಆಡಿರ್ಲಿಲ್ಲ, ತಮ್ಮ ರೂಮನ್ನ ನಮಗೆ ಬಿಟ್ಟು ಮೇಲಕ್ಕೆ ಹೋಗಿದ್ರು.

ಆ ರಾತ್ರಿ ಮೋಡ ಹೋಯ್ತು. ಕಿಟಕಿಯಿಂದ ನಕ್ಷತ್ರ ಕಾಣ್ತಿತ್ತು, ನಾನು ನಾಳೆ ಹೋಗಲ್ಲ ಅಂತ ತೀರ್ಮಾನ ಮಾಡಿದ್ದೆ. "ಹೋಗ್ಬೇಕು ನೀನು, ಆಕಾಶ ನೋಡು" ಅಂದ ಅವನು.

ಭಾನುವಾರ ಬ್ಯಾಗೆಲ್ಲ ಕೋಚಿಗೆ ಹಾಕಿ ಎಲ್ಲರೂ ಮುಟ್ಟರ್‌ಬರ್ಗ್‌ಗೆ ಬಂದ್ವಿ, ಅವನು ಕೆಳಗಿನ ಸ್ಟೇಷನ್‌ನ ಬಿಸಿಲಲ್ಲಿ ಇನ್ನೊಂದು ಕುರ್ಚಿ ಮೇಲೆ ಕಾಲು ಚಾಚಿ ಕೂತ. ನಾನು ಟೀಚರ ಜೊತೆ ಮೇಲೆ ಹೋದೆ. ಒಂಬತ್ತಕ್ಕೆ ಟಣ್. ಕಾದ್ವಿ. ಒಂಬತ್ತೂವರೆ, ಟಣ್. ಹತ್ತು, ಹತ್ತೂಕಾಲು, ಟೀಚರು ಏನೂ ಮಾತಾಡ್ದೆ ಕೋಲು ಒತ್ತೋದು, ತಲೆ ಅಲ್ಲಾಡಿಸೋದು. ಹತ್ತೂ ಮುಕ್ಕಾಲಿಗೆ ಕೋಲು ಸುಯ್ ಅಂತ ಒಂಚೂರು ಇಳಿದು ನಿಂತಿತು, ಅವರು ನನ್ನ ಕಡೆ ನೋಡಿ "ಈಗ" ಅಂದ್ರು. ಆ ಇಳಿತ ಹೇಗಿತ್ತು ಅಂದ್ರೆ ಸ್ಕೀ ಕೆಳಗೆ ಸಕ್ಕರೆ ಸರಿದ ಹಾಗೆ ಸಣ್ಣ ಸದ್ದು, ಎರಡೂ ಕಾಲಿಗೆ ಸಮ ಭಾರ, ತಿರುವಿಗೆ ಬಲವೇ ಬೇಡ, ನೋಟ ತಿರುಗಿದ ಕಡೆ ಮೈ ತಿರುಗ್ತಿತ್ತು, ನನ್ನ ಜೀವನದಲ್ಲಿ ಮೊದಲ ಸಲ ಒಂದು ಕೆಂಪು ಪಿಸ್ಟ್ ಮೇಲಿಂದ ಕೆಳಗಿನವರೆಗೂ ಎಲ್ಲೂ ನಿಲ್ಲದೆ ಬಂದೆ. ಆರು ಸಲ ಹಾಗೆ ಇಳಿದ್ವಿ. ಹನ್ನೆರಡೂಕಾಲಿಗೆ ಟೀಚರು ಕೋಲು ಒತ್ತಿ ನೋಡಿ ಸ್ಕೀ ಬಿಚ್ಚಿದ್ರು, ನಾನೂ ಬಿಚ್ಚಿದೆ.

ಒಂದೂವರೆಗೆ ಕೋಚ್ ಹೊರಡೋ ಹೊತ್ತಿಗೆ ಪಾರ್ಕಿಂಗಲ್ಲೇ ಬಟ್ಟೆ ಬದಲಾಯಿಸಿ, ಬೂಟು ಒಳಗೆ ತಗೊಂಡು ಹತ್ತಿದೆ. ಮುಂದಿನ ಎರಡು ಸೀಟು ಗೆಳೆಯನ ಕಾಲಿಗೆ ಅಂತ ಬಿಟ್ಟಿದ್ರು, ಯಾರೋ ಅವನ ಮಂಡಿ ಕೆಳಗೆ ತಮ್ಮ ಜಾಕೆಟ್ ಮಡಚಿ ಇಟ್ಟಿದ್ರು. ನಾನು ಪಕ್ಕದಲ್ಲಿ ಕೂತ ತಕ್ಷಣ ಅವನು ಕೇಳಿದ್ದು ಒಂದೇ.

"ಎಷ್ಟೊತ್ತಿಗೆ ಮೆತ್ತಗಾಯ್ತು?"

"ಹತ್ತೂ ಮುಕ್ಕಾಲು."

"ನಿಲ್ಲಿಸಿದ್ದು?"

"ಹನ್ನೆರಡೂಕಾಲು."

ಅವನು ಫೋನ್ ತೆಗೆದು ಎರಡನ್ನೂ ಬರ್ಕೊಂಡ.